ಅಜ್ಜಿ ಕಥೆಯನ್ನು ರಾಕೆಟ್ ಹತ್ತಿಸುವ ಮೊದಲು

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಶಿಕ್ಷಕಿ. ಆರು ಮತ್ತು ಏಳನೇ ತರಗತಿ ಮಕ್ಕಳಿಗೆ ಪಿನೋಕಿಯೋ ಅನ್ನುವ ಕಟ್ಟಿಗೆ ಗೊಂಬೆ ಬಾಹ್ಯಾಕಾಶಕ್ಕೆ ಹೋಗುವ ಹಳೇ ಕಾರ್ಟೂನ್ ಸಿನಿಮಾ ತೋರಿಸಿದೆವು. ಅದರಲ್ಲಿ ಆಮೆಯಂಥ ಗೆಳೆಯನ ಜೊತೆ ಅವನು ಮಂಗಳ ಗ್ರಹಕ್ಕೆ ಹೋಗುತ್ತಾನೆ, ಹಾರುವ ತಿಮಿಂಗಿಲದ ಜೊತೆ ಸೆಣಸುತ್ತಾನೆ. ಮಕ್ಕಳಿಗೆ ಬಹಳ ಹಿಡಿಸಿತು. ಈ ಸಲದ ಗ್ಯಾದರಿಂಗ್‌ಗೆ ನಾವೂ ಒಂದು ಜಾನಪದ ಕಥೆಯನ್ನು ಹೀಗೆ ಬಾಹ್ಯಾಕಾಶಕ್ಕೆ ಒಯ್ದು, ಮೊಬೈಲಿನಲ್ಲೇ ಕಾರ್ಟೂನ್ ಮಾಡೋಣ ಅಂತ ಹಟ ಹಿಡಿದಿದ್ದಾರೆ. ನಮ್ಮ ಹಿರಿಯ ಸರ್ ಒಬ್ಬರು, "ಇದ್ರಾಗ ಹಳೇ ಕಥಿನೂ ಕೆಡತೈತಿ, ವಿಜ್ಞಾನಾನೂ ಕೆಡತೈತಿ" ಅಂದರು. ಒಬ್ಬ ಹುಡುಗಿ, "ಅಕ್ಕೋರ, ಆ ತಿಮಿಂಗಿಲ ಅಲ್ಲೆ ಉಸರು ಹೆಂಗ ತಗೋತೈತ್ರಿ?" ಅಂತ ಕೇಳಿದಳು. ಏನು ಹೇಳಬೇಕು? ಯಾವ ಕಥೆ ತಗೊಳ್ಳಬೇಕು? ನಮ್ಮಂಥ ಶಾಲೆಯಲ್ಲಿ ಇದು ಆಗುವ ಕೆಲಸವಾ?

ಉತ್ತರ: ಆಗುವ ಕೆಲಸವೇ ಮೇಡಮ್. ಧಾರವಾಡದ ಸುತ್ತಮುತ್ತ ಮಕ್ಕಳ ಜೊತೆ ಇಂಥ ಚಿಕ್ಕ ಚಿಕ್ಕ ಚಿತ್ರ ಮಾಡುವುದೇ ನನ್ನ ಕೆಲಸ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಆದರೆ ಮೊದಲು ಆ ಹುಡುಗಿಗೆ ಉತ್ತರ ಕೊಡೋಣ. ಅವಳು ಕೇಳಿದ್ದರಲ್ಲೇ ನಿಮ್ಮ ಉಳಿದ ಪ್ರಶ್ನೆಗಳಿಗೂ ದಾರಿ ಇದೆ.

ತಿಮಿಂಗಿಲ ಅಲ್ಲಿ ಉಸಿರಾಡಲು ಸಾಧ್ಯವೇ ಇಲ್ಲ. ಅದು ಮೀನಲ್ಲ, ನಮ್ಮ ಹಾಗೆ ಶ್ವಾಸಕೋಶ ಇರುವ ಪ್ರಾಣಿ. ಸಮುದ್ರದಲ್ಲೂ ಉಸಿರಿಗಾಗಿ ನೀರಿನ ಮೇಲೆ ಬರಲೇಬೇಕು. ಬಾಹ್ಯಾಕಾಶದಲ್ಲಿ ಎತ್ತ ಹೋದರೂ ಗಾಳಿ ಇಲ್ಲ. ಈಜಲೂ ಆಗದು. ಸಮುದ್ರದಲ್ಲಿ ಬಾಲದಿಂದ ನೀರನ್ನು ಹಿಂದಕ್ಕೆ ತಳ್ಳಿ ಅದು ಮುಂದೆ ಹೋಗುತ್ತದೆ. ತಳ್ಳಲು ಏನೂ ಇಲ್ಲದ ಕಡೆ ಬಾಲ ಎಷ್ಟು ಬಡಿದರೂ ಮುಂದೆ ಹೋಗುವುದಿಲ್ಲ. ರಾಕೆಟ್ ಆದರೆ ತಾನು ಹೊತ್ತು ತಂದ ಇಂಧನವನ್ನು ಸುಟ್ಟು, ಆ ಬಿಸಿ ಅನಿಲವನ್ನೇ ಹಿಂದಕ್ಕೆ ಎಸೆದು ಮುಂದೆ ಹೋಗುತ್ತದೆ. ಇಷ್ಟನ್ನೂ ಅವಳಿಗೆ ನೇರವಾಗಿ ಹೇಳಿ. "ಅದು ಕಾರ್ಟೂನು, ಸುಮ್ನೆ ನೋಡು" ಅನ್ನಬೇಡಿ. ಹೇಳಿದ ಮೇಲೆ ತಿರುಗಿ ಒಂದು ಪ್ರಶ್ನೆ ಕೇಳಿ: "ಹಾಗಾದರೆ ಆ ತಿಮಿಂಗಿಲ ಅಲ್ಲಿ ಬದುಕಬೇಕು ಅಂದರೆ ಏನೇನು ಬೇಕು?" ಗಾಳಿ, ನೀರು, ಊಟ, ಬೆಚ್ಚಗಿನ ಜಾಗ ಅಂತ ಮಕ್ಕಳೇ ಒಂದೊಂದಾಗಿ ಹೇಳುತ್ತಾರೆ. ಅದನ್ನು ಬೋರ್ಡಿನ ಮೇಲೆ ಬರೆಯಿರಿ, ಅಳಿಸಬೇಡಿ. ನಿಮ್ಮ ಕಥೆಗೆ ಆ ಪಟ್ಟಿ ಬೇಕಾಗುತ್ತದೆ.

ನೀವು ಹೇಳಿದ ವಿವರ ನೋಡಿದರೆ ಆ ಸಿನಿಮಾ 1965ರ "ಪಿನೋಕಿಯೋ ಇನ್ ಔಟರ್ ಸ್ಪೇಸ್". ಬೆಲ್ಜಿಯಂ ದೇಶದ ಬೆಲ್ವಿಷನ್ ಸ್ಟುಡಿಯೋದಲ್ಲಿ ಅಮೆರಿಕದವರ ಜೊತೆ ಸೇರಿ ಮಾಡಿದ್ದು. ನಿರ್ದೇಶಕ ರೇ ಗೂಸೆನ್ಸ್. ನಿಜವಾದ ಹುಡುಗನಾಗಿದ್ದ ಪಿನೋಕಿಯೋ ತನ್ನ ನಡತೆಯಿಂದ ಮತ್ತೆ ಕಟ್ಟಿಗೆ ಗೊಂಬೆಯಾಗುತ್ತಾನೆ. ಮತ್ತೆ ಹುಡುಗನಾಗಲು ದೊಡ್ಡ ಸಾಹಸ ಮಾಡಬೇಕು ಅಂತ ಮಂಗಳಕ್ಕೆ ಹೊರಡುತ್ತಾನೆ. ಅಲ್ಲಿ ಪಾಳುಬಿದ್ದ ನಗರ, ದೈತ್ಯ ಪ್ರಾಣಿಗಳು ಎಲ್ಲ ಬರುತ್ತವೆ. ಅದೇ 1965ರ ಜುಲೈನಲ್ಲಿ ಅಮೆರಿಕದ ಮ್ಯಾರಿನರ್-4 ನೌಕೆ ಮಂಗಳದ ಪಕ್ಕದಲ್ಲೇ ಹಾದು ಹೋಗಿ ಇಪ್ಪತ್ತೊಂದು ಪೂರ್ತಿ ಚಿತ್ರ ಕಳಿಸಿತು. ಅವುಗಳಲ್ಲಿ ಕಂಡಿದ್ದು ಒಣ ನೆಲ ಮತ್ತು ಕುಳಿಗಳು. ಗಾಳಿಯೂ ಬಹಳ ತೆಳುವು ಅಂತ ಗೊತ್ತಾಯಿತು. ಅಷ್ಟೊತ್ತಿಗೆ ಕಥೆಗಾರರು ಎಷ್ಟೋ ವರ್ಷದಿಂದ ಮಂಗಳದಲ್ಲಿ ನಗರ ಕಟ್ಟುತ್ತಲೇ ಬಂದಿದ್ದರು. ಒಂದೇ ವರ್ಷದ ಈ ಎರಡು ಚಿತ್ರಗಳನ್ನು, ಸಿನಿಮಾದ ಮಂಗಳ ಮತ್ತು ಮ್ಯಾರಿನರ್ ತೆಗೆದ ಮಂಗಳ, ಮಕ್ಕಳ ಮುಂದೆ ಅಕ್ಕಪಕ್ಕ ಇಡಿ. ವಿಜ್ಞಾನ ಹೇಗೆ ಮುಂದೆ ಸಾಗುತ್ತದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆ ಪಾಠ ನನಗೆ ಹೊಳೆಯುತ್ತಿಲ್ಲ.

ಈಗ ನಿಮ್ಮ ಹಿರಿಯ ಸರ್ ಮಾತಿಗೆ ಬರೋಣ. ಅವರ ಹೆದರಿಕೆ ಸುಳ್ಳಲ್ಲ. ಹಳೇ ಕಥೆ ಬಾಹ್ಯಾಕಾಶಕ್ಕೆ ಹೋಗಿ ಕೆಟ್ಟಿದ್ದನ್ನು ನಾನೂ ಬೇಕಾದಷ್ಟು ನೋಡಿದ್ದೇನೆ. ಕುದುರೆ ಬದಲು ರಾಕೆಟ್, ಕತ್ತಿ ಬದಲು ಲೇಸರ್, ರಾಕ್ಷಸನ ಬದಲು ಹಸಿರು ಮೈಯ ಪರಗ್ರಹವಾಸಿ. ಹೀಗೆ ಬರೀ ವೇಷ ಬದಲಿಸಿದರೆ ಅಲ್ಲಿ ಕಥೆಯೂ ಇಲ್ಲ, ಬಾಹ್ಯಾಕಾಶವೂ ಇಲ್ಲ. ಆದರೆ ತಪ್ಪು ಜಾಗ ಬದಲಿಸಿದ್ದರಲ್ಲಿಲ್ಲ, ಕಥೆಯ ಕಟ್ಟಳೆಯನ್ನು ಕೈಬಿಟ್ಟಿದ್ದರಲ್ಲಿದೆ.

ಯಾವ ಅಜ್ಜಿ ಕಥೆಯನ್ನಾದರೂ ನೆನಪು ಮಾಡಿಕೊಳ್ಳಿ. ಅದರಲ್ಲಿ ಒಂದು ಕಟ್ಟಳೆ ಇದ್ದೇ ಇರುತ್ತದೆ. ಹಿಂದೆ ತಿರುಗಿ ನೋಡಬಾರದು. ಆ ಏಳನೇ ಕೋಣೆಯ ಬಾಗಿಲು ತೆಗೆಯಬಾರದು. ಏಳು ಸಮುದ್ರದಾಚೆ ಗಿಣಿಯಲ್ಲಿ ರಾಕ್ಷಸನ ಜೀವ ಇದೆ, ಅದನ್ನು ಹಿಡಿಯದೆ ಅವನು ಸಾಯುವುದಿಲ್ಲ. ಕಟ್ಟಳೆ ಮುರಿದರೆ ಏನಾಗುತ್ತದೆ ಅಂತ ಮೊದಲೇ ಹೇಳಿರುತ್ತಾರೆ, ಮತ್ತು ಯಾರೋ ಒಬ್ಬರು ಮುರಿದೇ ಮುರಿಯುತ್ತಾರೆ. ಆ ಕಟ್ಟಳೆ ಅತ್ತರೂ ಬಿಡುವುದಿಲ್ಲ, ಬೇಡಿಕೊಂಡರೂ ಕೇಳುವುದಿಲ್ಲ. ಮಕ್ಕಳು ಕಣ್ಣು ಬಿಟ್ಟುಕೊಂಡು ಕೇಳುವುದು ಇದನ್ನೇ.

ಬಾಹ್ಯಾಕಾಶದ ಸ್ವಭಾವವೂ ಇದೇ ಅಲ್ವಾ? ಹೆಲ್ಮೆಟ್ ತೆಗೆಯಬಾರದು. ನೀರು ಚೆಲ್ಲಬಾರದು. ತಂದ ಗಾಳಿ ಇಷ್ಟೇ, ಅದು ಮುಗಿದರೆ ಮುಗಿಯಿತು. ಅಲ್ಲಿಯ ಕಟ್ಟಳೆಗಳೂ ಯಾರ ಮುಖ ನೋಡುವುದಿಲ್ಲ. ಹಾಗಾಗಿ ನಾನು ಮಕ್ಕಳಿಗೆ ಹೇಳುವುದು ಒಂದೇ ಮಾತು: ಅಜ್ಜಿ ಕಥೆಯ ಕಟ್ಟಳೆ ಮತ್ತು ಬಾಹ್ಯಾಕಾಶದ ಕಟ್ಟಳೆ ಎಲ್ಲಿ ಕೂಡುತ್ತವೋ ಆ ಜಾಗ ಹುಡುಕಿ. ಸಿಕ್ಕರೆ ಕಥೆ ಮೇಲೆ ಹೋಗುತ್ತದೆ. ಸಿಗದಿದ್ದರೆ ಆ ಕಥೆಯನ್ನು ಊರಲ್ಲೇ ಬಿಡಿ, ಬೇರೆ ಹುಡುಕಿ. ಜೊತೆಗೆ ಇನ್ನೊಂದು ನಿಯಮ: ಇಡೀ ಕಥೆಗೆ ಒಂದೇ ಒಂದು ಮಾಯೆ. ಉಳಿದದ್ದೆಲ್ಲ ನಿಜ ಇರಬೇಕು. ಕೊನೆಗೆ ನಾಯಕಿಯನ್ನು ಬದುಕಿಸಲು ಅಂತ ಎರಡನೇ ಮಾಯೆ ತಂದರೆ ಹಳೇ ಕಥೆಯೂ ಕೆಡುತ್ತದೆ, ವಿಜ್ಞಾನವೂ ಕೆಡುತ್ತದೆ. ನಿಮ್ಮ ಸರ್ ಹೇಳಿದ್ದು ಆಗ ಅಕ್ಷರಶಃ ನಿಜ.

ಪಿನೋಕಿಯೋ ಕಥೆಯಲ್ಲೇ ಆ ಜಾಗ ಇದೆ. ಆದರೆ ಅದು ಇರುವುದು ಮೂಲ ಪುಸ್ತಕದಲ್ಲಿ. ಇಟಲಿಯ ಕಾರ್ಲೋ ಕೊಲ್ಲೋಡಿ 1881ರಲ್ಲಿ ಮಕ್ಕಳ ಪತ್ರಿಕೆಗೆ ಧಾರಾವಾಹಿಯಾಗಿ ಬರೆಯಲು ಶುರು ಮಾಡಿದ್ದು, ಪುಸ್ತಕವಾಗಿದ್ದು 1883ರಲ್ಲಿ. ಅದರಲ್ಲಿ ಗೊಂಬೆಯನ್ನು ಕೆತ್ತಿ ಮಗನ ಹಾಗೆ ನೋಡಿಕೊಳ್ಳುವ ಮುದುಕ ಜೆಪ್ಪೆಟ್ಟೋನನ್ನು ನುಂಗುವುದು ತಿಮಿಂಗಿಲವಲ್ಲ, ಶಾರ್ಕಿನಂಥ ಒಂದು ಭಾರೀ ಮೀನು. ತಿಮಿಂಗಿಲ ಬಂದಿದ್ದು 1940ರ ಡಿಸ್ನಿ ಸಿನಿಮಾದಿಂದ. ಮುದುಕ ಆ ಮೀನಿನ ಹೊಟ್ಟೆಯಲ್ಲಿ ಎರಡು ವರ್ಷ ಬದುಕಿರುತ್ತಾನೆ. ಹೇಗೆ? ಆ ಮೀನು ಒಂದು ಹಡಗನ್ನೂ ನುಂಗಿತ್ತು. ಹಡಗಿನಲ್ಲಿದ್ದ ದಿನಸಿಯನ್ನೇ ತಿಂದುಕೊಂಡು ದಿನ ನೂಕುತ್ತಾನೆ. ಮಗ ಬಂದು ಸೇರುವ ಹೊತ್ತಿಗೆ ಸಾಮಾನು ಖಾಲಿ. ಉರಿಯುತ್ತಿರುವುದೇ ಕೊನೇ ಮೇಣದಬತ್ತಿ.

ಸುತ್ತಲೂ ಮುಚ್ಚಿದ ಜಾಗ. ಹೊರಗೆ ಹೋದರೆ ಸಾವು. ಒಳಗೆ ಎಣಿಸಿಟ್ಟ ಸಾಮಾನು. ಇದು ಬಾಹ್ಯಾಕಾಶ ನೌಕೆಯೇ ಅಲ್ಲದೆ ಮತ್ತೇನು? ಕೊಲ್ಲೋಡಿ ರಾಕೆಟ್ ಕಾಲಕ್ಕೆ ಎಷ್ಟೋ ಮೊದಲು ಆ ಹೊಟ್ಟೆಯೊಳಗೆ ಇದನ್ನು ಬರೆದಿಟ್ಟಿದ್ದಾನೆ. ನೀವು ಪಿನೋಕಿಯೋನನ್ನೇ ಮಾಡುವುದಾದರೆ ಈ ಒಂದು ದೃಶ್ಯ ಸಾಕು, ಮಂಗಳಕ್ಕೆ ಹೋಗುವುದೂ ಬೇಡ. ಆ ಮೇಣದಬತ್ತಿಗೆ ಒಂದು ವಿವರ ಸೇರಿಸಿ. ತೂಕವಿಲ್ಲದ ಸ್ಥಿತಿಯಲ್ಲಿ ಜ್ವಾಲೆ ಮೇಲಕ್ಕೆ ಚೂಪಾಗಿ ಏಳುವುದಿಲ್ಲ. ಬಿಸಿ ಗಾಳಿ ಮೇಲೆ ಹೋಗುವುದು ಅನ್ನುವುದೇ ಅಲ್ಲಿ ಇಲ್ಲ. ಹಾಗಾಗಿ ಜ್ವಾಲೆ ಗುಂಡಗೆ, ನೀಲಿಯಾಗಿ ಇರುತ್ತದೆ. ನೀಲಿ ಜಿಲೆಟಿನ್ ಕಾಗದದ ಒಂದು ಗುಂಡು ತುಂಡು ಕತ್ತರಿಸಿ ಬತ್ತಿಯ ತುದಿಗೆ ಇಟ್ಟರೆ ಮುಗಿಯಿತು. ಕೊಲ್ಲೋಡಿ ತೀರಿಕೊಂಡಿದ್ದು 1890ರಲ್ಲಿ, ಅವನ ಕಥೆಯನ್ನು ಯಾರು ಬೇಕಾದರೂ ಬಳಸಬಹುದು. ಸಿನಿಮಾದವರು ಬರೆದ ಮುಖ, ಟೋಪಿ, ಬಟ್ಟೆಯನ್ನು ಮಾತ್ರ ನಕಲು ಮಾಡಬೇಡಿ. ಮಕ್ಕಳೇ ಬರೆಯಲಿ.

ಆದರೆ ನೀವು ಜಾನಪದ ಕಥೆ ಅಂದಿದ್ದೀರಿ. ನನ್ನನ್ನು ಕೇಳಿದರೆ ಹೂವಿನ ಗಿಡವಾಗುವ ಹುಡುಗಿಯ ಕಥೆ ತಗೊಳ್ಳಿ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಗಳಲ್ಲಿ ಇದು ಬಹಳ ಹೆಸರುವಾಸಿ. ಗಿರೀಶ ಕಾರ್ನಾಡರು ಇದನ್ನೇ ಹಿಡಿದು "ಚೆಲುವಿ" ಸಿನಿಮಾ ಮಾಡಿದರು. ಕಥೆ ನಿಮಗೆ ಗೊತ್ತಿರಬಹುದು. ಬಡ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ಅಕ್ಕ ಒಂದು ಕೊಡ ನೀರು ಹಾಕಿದರೆ ತಂಗಿ ಹೂವಿನ ಗಿಡವಾಗುತ್ತಾಳೆ. ಎಲೆ ಹರಿಯದೆ, ಟೊಂಗೆ ಮುರಿಯದೆ ಹೂವು ಮಾತ್ರ ಬಿಡಿಸಿಕೊಳ್ಳಬೇಕು. ಆಮೇಲೆ ಇನ್ನೊಂದು ಕೊಡ ನೀರು ಹಾಕಿದರೆ ಮತ್ತೆ ಹುಡುಗಿ. ಮದುವೆಯಾಗಿ ಅರಮನೆಗೆ ಹೋದ ಮೇಲೆ ನಾದಿನಿ ಗೆಳತಿಯರನ್ನು ಕಟ್ಟಿಕೊಂಡು ತೋಟಕ್ಕೆ ಕರೆದೊಯ್ಯುತ್ತಾಳೆ. ಹಟ ಮಾಡಿ ಗಿಡವಾಗಿಸುತ್ತಾರೆ, ಟೊಂಗೆ ಮುರಿಯುತ್ತಾರೆ, ನೀರನ್ನು ಸರಿಯಾಗಿ ಹಾಕದೆ ಓಡಿಹೋಗುತ್ತಾರೆ. ಅವಳು ಅತ್ತ ಗಿಡವೂ ಅಲ್ಲ, ಇತ್ತ ಹುಡುಗಿಯೂ ಅಲ್ಲ ಅನ್ನುವ ಹಾಗೆ ಉಳಿದುಬಿಡುತ್ತಾಳೆ.

ಈಗ ಇದನ್ನು ಮಂಗಳಕ್ಕೆ ಹೊರಟ ಒಂದು ನೌಕೆಯಲ್ಲಿ ಇಡಿ. ಬಹಳ ದೂರದ ಪ್ರಯಾಣ. ನಮ್ಮ ಮಂಗಳಯಾನ 2013ರ ನವೆಂಬರ್ 5ರಂದು ಹೊರಟು ಮಂಗಳ ಮುಟ್ಟಿದ್ದು 2014ರ ಸೆಪ್ಟೆಂಬರ್ 24ಕ್ಕೆ. ನೌಕೆಯಲ್ಲಿ ಒಂದಿಷ್ಟು ಕುಟುಂಬಗಳು. ಗಾಳಿ ಮಾಡುವ ಯಂತ್ರ ಕೆಟ್ಟಿದೆ. ತಂಗಿ ಹಸಿರು ಗಿಡವಾಗಿ ಎಲ್ಲರಿಗೂ ಉಸಿರು ಕೊಡುತ್ತಾಳೆ. ಇದೇ ಆ ಒಂದು ಮಾಯೆ. ನಿಜದಲ್ಲಿ ಒಂದು ಗಿಡ ಒಬ್ಬ ಮನುಷ್ಯನಿಗೂ ಸಾಲುವುದಿಲ್ಲ, ಬಾಹ್ಯಾಕಾಶ ನಿಲ್ದಾಣದಲ್ಲಿ ನೀರಿಗೆ ವಿದ್ಯುತ್ ಹಾಯಿಸಿ ಆಮ್ಲಜನಕ ತೆಗೆಯುತ್ತಾರೆ ಅನ್ನುವುದನ್ನು ತರಗತಿಯಲ್ಲಿ ಹೇಳಿಬಿಡಿ. ಮಕ್ಕಳಿಗೆ ಎಲ್ಲಿ ಮಾಯೆ, ಎಲ್ಲಿ ನಿಜ ಅಂತ ಗೊತ್ತಿರಬೇಕು. ಗೊತ್ತಿದ್ದರೆ ಮಾಯೆಯ ರುಚಿ ಕಡಿಮೆಯಾಗುವುದಿಲ್ಲ, ಜಾಸ್ತಿಯೇ ಆಗುತ್ತದೆ.

ಇನ್ನು ಮುಂದೆ ಎಲ್ಲವೂ ನಿಜ. ಮೊದಲ ತೊಡಕು: ಅಲ್ಲಿ ಕೊಡ ಬಗ್ಗಿಸಿದರೆ ನೀರು ಬೀಳುವುದೇ ಇಲ್ಲ. ತೂಕವಿಲ್ಲದ ಕಡೆ ನೀರು ಉಂಡೆ ಕಟ್ಟಿ ತೇಲುತ್ತದೆ, ಮುಟ್ಟಿದ್ದಕ್ಕೆ ಅಂಟಿಕೊಳ್ಳುತ್ತದೆ. ಹಾಗಾದರೆ ಅಕ್ಕ ತಂಗಿಗೆ ನೀರು ಹಾಕುವುದು ಹೇಗೆ? ಇದನ್ನು ಮಕ್ಕಳಿಗೇ ಬಿಡಿ. ಪಿಚಕಾರಿ, ಒದ್ದೆ ಬಟ್ಟೆ, ಸಲೈನ್ ಚೀಲ ಏನಾದರೂ ಹೇಳುತ್ತಾರೆ. ಯಾವುದೂ ತಪ್ಪಲ್ಲ. ನಿಜದಲ್ಲೂ ಗಗನಯಾತ್ರಿಗಳು ಚೀಲದಿಂದಲೇ ನೀರು ಕುಡಿಯುತ್ತಾರೆ.

ಎರಡನೆಯದು ನನಗೆ ಬಹಳ ಇಷ್ಟವಾದ ಭಾಗ. ನೌಕೆಯ ಹುಡುಗರು ಆಟಕ್ಕೆ ಟೊಂಗೆ ಮುರಿದರು, ನೀರಿನ ಚೀಲ ಒಡೆದು ಉಂಡೆಗಳೆಲ್ಲ ಯಂತ್ರದ ಸಂದಿಗೆ ಹೋಗಿ ಸೇರಿದವು. ಹುಡುಗಿ ಅರ್ಧಕ್ಕೆ ನಿಂತಳು. ಎರಡನೇ ಕೊಡದ ನೀರು ಈಗ ಎಲ್ಲಿಂದ ಬರಬೇಕು? ಮೂಲ ಕಥೆಯಲ್ಲಿ ಕೊನೆಗೆ ಗಂಡ ಮುರಿದ ಟೊಂಗೆಗಳನ್ನು ಜೋಡಿಸಿ ನೀರು ಹಾಕುತ್ತಾನೆ. ನೌಕೆಯಲ್ಲಿ ಬಾವಿ ಇಲ್ಲ, ಕೆರೆ ಇಲ್ಲ. ಇರುವುದು ಒಂದೇ ಮೂಲ, ಅಲ್ಲಿರುವ ಜನ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಉಸಿರಿನ ಹಬೆ, ಬೆವರು, ಮೂತ್ರ ಎಲ್ಲವನ್ನೂ ಹಿಡಿದು, ಶುದ್ಧ ಮಾಡಿ, ಮತ್ತೆ ಕುಡಿಯುವ ನೀರು ಮಾಡುತ್ತಾರೆ. 2023ರಲ್ಲಿ ಹೀಗೆ ಮರಳಿ ಸಿಗುವ ನೀರು 98 ಪರ್ಸೆಂಟ್ ಮುಟ್ಟಿತು. ಅಂದರೆ ಟೊಂಗೆ ಮುರಿದ ಹುಡುಗರೇ ತಮ್ಮ ಉಸಿರು, ಬೆವರಿನಿಂದ ಆ ಕೊಡ ತುಂಬಿಸಬೇಕು. ಸೈಕಲ್ ತುಳಿಯಬೇಕು, ಬೆವರಬೇಕು, ತಮ್ಮ ಪಾಲಿನ ನೀರಿನಲ್ಲಿ ಉಳಿಸಬೇಕು, ಕಾಯಬೇಕು. ನಿಲ್ದಾಣದಲ್ಲಿ ಒಬ್ಬರಿಗೆ ಕುಡಿಯಲು, ಅಡುಗೆಗೆ, ಮೈ ಒರೆಸಲು ಎಲ್ಲ ಸೇರಿ ದಿನಕ್ಕೆ ಸುಮಾರು 4 ಲೀಟರ್ ನೀರು ಬೇಕು. 12 ಲೀಟರಿನ ಒಂದು ಕೊಡ ತುಂಬಲು ಎಷ್ಟು ಜನ ದಿನಕ್ಕೆ ಎಷ್ಟು ಉಳಿಸಬೇಕು ಅಂತ ಗಣಿತದ ಪೀರಿಯಡ್‌ನಲ್ಲಿ ಲೆಕ್ಕ ಮಾಡಿಸಿ. ನಳದ ನೀರಿಗೆ ದಿನಗಟ್ಟಲೆ ಕಾಯ್ದು, ಕೊಡ ಎಣಿಸಿ ತುಂಬಿಟ್ಟು ಗೊತ್ತಿರುವ ನಮ್ಮ ಭಾಗದ ಮಕ್ಕಳಿಗೆ ಈ ದೃಶ್ಯವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ನೋಡಿ, ಇಲ್ಲಿ ಅಜ್ಜಿಯ ಕಟ್ಟಳೆ ಒಂದಿಷ್ಟೂ ಬದಲಾಗಿಲ್ಲ. ಗಿಡಕ್ಕೆ ನೋವು ಮಾಡಬೇಡ, ನೀರು ಪೂರ್ತಿ ಹಾಕು, ಇಷ್ಟೇ. ಬಾಹ್ಯಾಕಾಶ ಅದನ್ನು ಇನ್ನಷ್ಟು ಬಿಗಿ ಮಾಡಿತು. ನಿಮ್ಮ ಸರ್‌ಗೆ ಈ ಭಾಗವನ್ನು ಓದಿ ಹೇಳಿ. ಅವರನ್ನೇ ಕಥೆಯ ಕಾವಲಿಗೆ ಕೂರಿಸಿ. ಉಸಿರಿನ ಪ್ರಶ್ನೆ ಕೇಳಿದ ಹುಡುಗಿಯನ್ನು ವಿಜ್ಞಾನದ ಕಾವಲಿಗೆ ಕೂರಿಸಿ. ಇಬ್ಬರೂ ಒಪ್ಪಿದ ದೃಶ್ಯ ಮಾತ್ರ ಚಿತ್ರಕ್ಕೆ ಹೋಗಲಿ.

ಗಿಡದ ವಿಷಯಕ್ಕೆ ನಮ್ಮ ಊರಿನದ್ದೇ ಒಂದು ದೊಡ್ಡ ಸಂಗತಿ ಇದೆ, ಮಕ್ಕಳಿಗೆ ತಪ್ಪದೆ ಹೇಳಿ. 2025ರ ಜೂನ್ 25ರಂದು ಆಕ್ಸಿಯಮ್-4 ಯಾನದಲ್ಲಿ ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರಲ್ಲ, ಅವರ ಜೊತೆ ಮೆಂತ್ಯ ಮತ್ತು ಹೆಸರುಕಾಳು ಹೋದವು. ಆ ಕಾಳು ಮೊಳಕೆ ಬರಿಸುವ ಪ್ರಯೋಗ ರೂಪಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದ ವಿಜ್ಞಾನಿಗಳು. ಶುಕ್ಲಾ ಅಲ್ಲಿ ಕಾಳಿಗೆ ನೀರು ಕೊಟ್ಟು ಮೊಳಕೆ ಬರಿಸಿದರು, ಮೊಳಕೆಗಳನ್ನು ಫ್ರೀಜರಿನಲ್ಲಿಟ್ಟು ಭೂಮಿಗೆ ತಂದರು. ತೂಕವಿಲ್ಲದ ಕಡೆ ಬೀಜ ಹೇಗೆ ಮೊಳೆಯುತ್ತದೆ, ಅದರೊಳಗೆ ಏನು ಬದಲಾಗುತ್ತದೆ ಅಂತ ನೋಡುವುದು ಉದ್ದೇಶ. ಇದಕ್ಕೂ ಮೊದಲು 2015ರಲ್ಲಿ ಗಗನಯಾತ್ರಿಗಳು ಅಲ್ಲೇ ಬೆಳೆದ ಲೆಟಿಸ್ ಸೊಪ್ಪು ತಿಂದಿದ್ದರು, 2016ರಲ್ಲಿ ಝಿನ್ನಿಯಾ ಹೂವು ಅರಳಿಸಿದ್ದರು. ಮಕ್ಕಳಿಗೆ ಒದ್ದೆ ಅರಿವೆಯಲ್ಲಿ ಮೆಂತ್ಯ, ಹೆಸರುಕಾಳು ಕಟ್ಟಿಡಲು ಹೇಳಿ. ದಿನವೂ ಒಂದೇ ಜಾಗದಿಂದ, ಒಂದೇ ದೂರದಿಂದ ಅದರ ಫೋಟೋ ತೆಗೆಯಲಿ. ಆ ಫೋಟೋಗಳನ್ನು ಜೋಡಿಸಿದರೆ ಅದೇ ನಿಮ್ಮ ಮೊದಲ ಆ್ಯನಿಮೇಶನ್. ಗಿಡವಾಗುವ ದೃಶ್ಯಕ್ಕೂ ಅದನ್ನೇ ಬಳಸಬಹುದು. ನಿಲ್ದಾಣದ ಗಿಡದ ಪೆಟ್ಟಿಗೆಯಲ್ಲಿ ಕೆಂಪು, ನೀಲಿ ದೀಪ ಜಾಸ್ತಿ ಇರುವುದರಿಂದ ಎಲ್ಲ ಗುಲಾಬಿ-ನೇರಳೆಯಾಗಿ ಕಾಣುತ್ತದೆ. ದೀಪಕ್ಕೆ ಆ ಬಣ್ಣದ ಕಾಗದ ಕಟ್ಟಿ.

ಈಗ ಕೈಕೆಲಸ. ನೀವು ಚಿತ್ರ ಬರೆದು ಮಾಡಲು ಹೋಗಬೇಡಿ, ಮಕ್ಕಳು ಸೋತು ಹೋಗುತ್ತಾರೆ. ರಟ್ಟು ಕತ್ತರಿಸಿ ಗೊಂಬೆ ಮಾಡಿ, ಮೇಜಿನ ಮೇಲೆ ಮಲಗಿಸಿ, ಮೇಲಿನಿಂದ ಫೋಟೋ ತೆಗೆಯುವುದೇ ಸರಿ. ಕೈ, ಕಾಲು, ಕುತ್ತಿಗೆ ಬೇರೆ ಬೇರೆ ಕತ್ತರಿಸಿ, ಕೀಲಿನ ಜಾಗದಲ್ಲಿ ದಾರದ ಗಂಟು ಹಾಕಿ. ನಮ್ಮ ಕಡೆಯ ತೊಗಲು ಗೊಂಬೆಯಲ್ಲಿ ಮಾಡುವುದೂ ಹೀಗೇ. ಜರ್ಮನಿಯ ಲೊಟ್ಟೆ ರೈನಿಗರ್ ಅನ್ನುವ ಹೆಣ್ಣುಮಗಳು ಇದೇ ವಿಧಾನದಲ್ಲಿ, ಕತ್ತರಿ ಮತ್ತು ಕಪ್ಪು ಕಾಗದದಿಂದ, 1926ರಲ್ಲಿ ಪೂರ್ತಿ ಉದ್ದದ ಸಿನಿಮಾ ಮಾಡಿದಳು. ಉಳಿದು ಬಂದಿರುವ ಪೂರ್ಣಾವಧಿ ಆ್ಯನಿಮೇಶನ್ ಸಿನಿಮಾಗಳಲ್ಲಿ ಅದೇ ಅತ್ಯಂತ ಹಳೆಯದು.

ಬಾಹ್ಯಾಕಾಶದ ಕಥೆ ಈ ವಿಧಾನಕ್ಕೆ ಹೇಳಿ ಮಾಡಿಸಿದ್ದು. ರಟ್ಟಿನ ಗೊಂಬೆಯನ್ನು ನಡೆಸುವುದು ಬಹಳ ಕಷ್ಟ. ಹೆಜ್ಜೆ ಜಾರಿದ ಹಾಗೆ ಕಾಣುತ್ತದೆ, ಪಾದ ನೆಲಕ್ಕೆ ಹತ್ತುವುದೇ ಇಲ್ಲ. ಅದೇ ಗೊಂಬೆಯನ್ನು ತೇಲಿಸುವುದು ಬಹಳ ಸುಲಭ. ಸ್ವಲ್ಪ ಸರಿಸಿ, ಸ್ವಲ್ಪ ತಿರುಗಿಸಿ, ಫೋಟೋ ತೆಗೆಯಿರಿ. ಒಂದು ಎಚ್ಚರಿಕೆ: ತೇಲುವ ವಸ್ತು ತಾನಾಗಿ ನಿಲ್ಲುವುದಿಲ್ಲ, ತಾನಾಗಿ ತಿರುಗುವುದೂ ಇಲ್ಲ. ಗೋಡೆಗೋ ಹಿಡಿಕೆಗೋ ಕೈ ಹಚ್ಚಿದರೆ ಮಾತ್ರ ದಿಕ್ಕು ಬದಲು. ಪ್ರತಿ ಫೋಟೋಗೂ ಒಂದೇ ಅಳತೆ ಸರಿಸಲಿ. ಇದೊಂದನ್ನು ಪಾಲಿಸಿದರೆ ಸಾಕು, ನೋಡುವವರಿಗೆ ಅದು ಬಾಹ್ಯಾಕಾಶವೇ ಅನ್ನಿಸುತ್ತದೆ.

ಸೆಕೆಂಡಿಗೆ 12 ಫೋಟೋ ಇಟ್ಟುಕೊಳ್ಳಿ. ಮೂರು ನಿಮಿಷದ ಚಿತ್ರಕ್ಕೆ 2160 ಫೋಟೋ. ಅದಕ್ಕಿಂತ ಉದ್ದ ಬೇಡ. ಒಂಬತ್ತು ಗುಂಪು ಮಾಡಿದರೆ ಒಂದೊಂದು ಗುಂಪಿಗೆ 20 ಸೆಕೆಂಡು, 240 ಫೋಟೋ. ಕೊನೆಯಲ್ಲಿ ನೌಕೆ ಮಂಗಳಕ್ಕೆ ಇಳಿಯುತ್ತದೆ ಅಂದರೆ ಅಲ್ಲಿ ತೂಕ ಮತ್ತೆ ಬರುತ್ತದೆ, ಆದರೆ ಭೂಮಿಯ 38 ಪರ್ಸೆಂಟ್ ಮಾತ್ರ. ಇದನ್ನು ತೋರಿಸಲು ಒಂದು ಲೆಕ್ಕ ಕೊಡುತ್ತೇನೆ. ಒಂದು ಮೀಟರ್ ಎತ್ತರದಿಂದ ಕಲ್ಲು ಬಿಟ್ಟರೆ ಭೂಮಿಯ ಮೇಲೆ ಅರ್ಧ ಸೆಕೆಂಡಿಗೂ ಕಡಿಮೆ, ಅಂದರೆ ಸುಮಾರು 5 ಫೋಟೋದಲ್ಲಿ ನೆಲ ಮುಟ್ಟುತ್ತದೆ. ಮಂಗಳದಲ್ಲಿ 9 ಫೋಟೋ ಬೇಕು. ಚಂದ್ರನ ಮೇಲಾದರೆ 13. ಮೊದಲ ಫೋಟೋಗಳಲ್ಲಿ ಕಲ್ಲು ಸ್ವಲ್ಪವೇ ಸರಿಯಲಿ, ಕೆಳಗೆ ಬಂದ ಹಾಗೆ ಅಂತರ ಜಾಸ್ತಿಯಾಗಲಿ. ಈ ಮೂರನ್ನೂ ಒಂದರ ಪಕ್ಕ ಒಂದು ಮಾಡಿ ತೋರಿಸಿ. ಗುರುತ್ವದ ಪಾಠ ಮಕ್ಕಳ ಕೈಗೇ ಸಿಕ್ಕ ಹಾಗೆ. ಮಂಗಳದ ಆಕಾಶ ಹಗಲಲ್ಲಿ ಕಂದು ಹಳದಿ, ಸೂರ್ಯ ಮುಳುಗುವಾಗ ಸೂರ್ಯನ ಸುತ್ತ ನೀಲಿ. ನಮ್ಮದಕ್ಕೆ ಪೂರಾ ಉಲ್ಟಾ. ಮಕ್ಕಳು ಕೆಂಪು ಬಳಿಯಲು ಹೋಗುತ್ತಾರೆ, ತಡೆಯಿರಿ.

ಹಿನ್ನೆಲೆಗೆ ಹೊಳಪಿಲ್ಲದ ಕಪ್ಪು ಬಟ್ಟೆ ಹಾಸಿ. ಹಳೇ ಬ್ರಷ್ಷಿನಿಂದ ಬಿಳಿ ಬಣ್ಣ ಸಿಡಿಸಿದರೆ ನಕ್ಷತ್ರ. ಅವು ಮಿನುಗುವುದು ಬೇಡ. ಮಿನುಗುವುದು ನಮ್ಮ ಗಾಳಿಯಿಂದ, ಮೇಲೆ ಹೋದರೆ ಇಲ್ಲ. ನಿಮಗೂ ಕೆಲಸ ಕಡಿಮೆ.

ಮೊಬೈಲ್ ಅಲುಗಾಡಬಾರದು. ಎರಡು ಬೆಂಚಿನ ನಡುವೆ ಹಲಗೆ ಇಟ್ಟು, ಅದರಲ್ಲಿ ತೂತು ಮಾಡಿ, ಹಿಂದಿನ ಕ್ಯಾಮೆರಾ ಆ ತೂತಿನಿಂದ ಕೆಳಗೆ ನೋಡುವ ಹಾಗೆ ಮೇಲೆ ಮೊಬೈಲ್ ಇಟ್ಟು ಕಟ್ಟಿಬಿಡಿ. ಕಿಟಕಿಗೆ ಕಂಬಳಿ ಹಾಕಿ ಮುಚ್ಚಿ. ಬಿಸಿಲು ಸರಿದ ಹಾಗೆ ಬೆಳಕು ಬದಲಾದರೆ ಚಿತ್ರ ಮಿಟಮಿಟ ಅನ್ನುತ್ತದೆ. ಎರಡೂ ಬದಿಗೆ ಒಂದೊಂದು ಎಲ್ಇಡಿ ಬಲ್ಬು ಸಾಕು. ಪರದೆಯ ಮೇಲೆ ಬೆರಳು ಒತ್ತಿ ಹಿಡಿದರೆ ಬಹಳಷ್ಟು ಮೊಬೈಲುಗಳಲ್ಲಿ ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತದೆ. ಅದನ್ನು ಮಾಡದೆ ಒಂದೂ ಫೋಟೋ ತೆಗೆಯಬೇಡಿ. ಕರೆಂಟ್ ಹೋಗಿ ಬಂದರೆ ಮೊದಲು ಹಿಂದಿನ ಫೋಟೋ ಜೊತೆ ಹೋಲಿಸಿ ನೋಡಿ, ಆಮೇಲೆ ಮುಂದುವರಿಸಿ. ಗೊಂಬೆ ಸರಿಸುವ ಮಕ್ಕಳು ಕಡುಬಣ್ಣದ ಬಟ್ಟೆ ಹಾಕಿರಲಿ, ಬಿಳಿ ಸಮವಸ್ತ್ರದ ಬೆಳಕು ಮೇಜಿನ ಮೇಲೆ ಬೀಳುತ್ತದೆ.

ಸಪ್ಪಳದ ವಿಷಯದಲ್ಲಿ ಹಟ ಹಿಡಿಯಿರಿ. ನೌಕೆಯ ಹೊರಗೆ ಗಾಳಿ ಇಲ್ಲ, ಆದ್ದರಿಂದ ಸಪ್ಪಳವೂ ಇಲ್ಲ. ಢಂ, ಢುಂ ಬೇಡ. ಒಳಗೆ ಮಾತ್ರ ಫ್ಯಾನಿನ ಸಪ್ಪಳ ಸದಾ ಇರಲಿ. ಅಲ್ಲಿ ಗಾಳಿ ತಾನಾಗಿ ಆಡುವುದಿಲ್ಲ. ಫ್ಯಾನ್ ಇಲ್ಲದಿದ್ದರೆ ಮಲಗಿದವರು ಬಿಟ್ಟ ಉಸಿರು ಅವರ ಮುಖದ ಸುತ್ತಲೇ ನಿಂತು ಉಸಿರು ಕಟ್ಟುತ್ತದೆ. ಕಥೆಯಲ್ಲಿ ಯಂತ್ರ ಕೆಟ್ಟ ಗಳಿಗೆಗೆ ಆ ಫ್ಯಾನಿನ ಸಪ್ಪಳ ನಿಲ್ಲಿಸಿ. ಬೇರೆ ಸಂಗೀತ ಏನೂ ಬೇಕಾಗಿಲ್ಲ. ನಿಮ್ಮ ತರಗತಿಯ ಫ್ಯಾನನ್ನೇ ರೆಕಾರ್ಡ್ ಮಾಡಿಕೊಳ್ಳಿ.

ಇನ್ನೊಂದು ಆಸೆ ಇದೆ, ಸಾಧ್ಯವಾದರೆ ಮಾಡಿ. ನಮ್ಮ ಕಡೆ ಅಜ್ಜಿ ಕಥೆ ಹೇಳುವಾಗ ಕೇಳುವವರು "ಹೂಂ" ಅನ್ನುತ್ತಲೇ ಇರಬೇಕು. ಹೂಂ ನಿಂತರೆ ಅಜ್ಜಿ ಕಥೆ ನಿಲ್ಲಿಸುತ್ತಾಳೆ. ನೌಕೆಯ ಮಕ್ಕಳಿಗೆ ಊರಿನಿಂದ ಅಜ್ಜಿ ರೇಡಿಯೋದಲ್ಲಿ ಕಥೆ ಹೇಳುತ್ತಿದ್ದಾಳೆ ಅಂದುಕೊಳ್ಳಿ. ಚಂದ್ರನ ದೂರಕ್ಕೆ ಮಾತು ಮುಟ್ಟಲು 1.3 ಸೆಕೆಂಡು ಬೇಕು, ಹೂಂ ತಿರುಗಿ ಬರಲು ಇನ್ನೊಂದು 1.3 ಸೆಕೆಂಡು. ಮಂಗಳ ಹತ್ತಿರ ಇದ್ದಾಗ ಒಂದು ಬದಿಗೆ ಸುಮಾರು 3 ನಿಮಿಷ, ದೂರ ಇದ್ದಾಗ ಸುಮಾರು 22 ನಿಮಿಷ. ನೌಕೆ ಮುಂದೆ ಹೋದ ಹಾಗೆ ಹೂಂ ತಡವಾಗುತ್ತಾ ಹೋಗುತ್ತದೆ. ಅಜ್ಜಿಯೂ ಕಾಯುತ್ತಾ ಕೂರುತ್ತಾಳೆ, ಆದರೆ ಕಥೆ ಬಿಡುವುದಿಲ್ಲ. ದೂರ ಎಷ್ಟು ಅನ್ನುವುದನ್ನು ಕಿಲೋಮೀಟರ್ ಹೇಳದೆಯೇ ತೋರಿಸಬಹುದು.

ಕೆಲಸದ ಕ್ರಮ ಹೀಗಿರಲಿ. ಮೊದಲು ಮಕ್ಕಳು ತಮ್ಮ ತಮ್ಮ ಮನೆಯಲ್ಲಿ, ಓಣಿಯಲ್ಲಿ ಕೇಳಿ ಈ ಕಥೆಯ ಬೇರೆ ಬೇರೆ ರೂಪ ತರಲಿ. ಒಂದೊಂದು ಮನೆಯಲ್ಲಿ ಒಂದೊಂದು ಥರ ಇರುತ್ತದೆ. ಬೇರೆಯೇ ಕಥೆ ಸಿಕ್ಕರೂ ಚಿಂತೆಯಿಲ್ಲ, ಅದರ ಕಟ್ಟಳೆ ಏನು ಅಂತ ನೋಡಿ. ಆಮೇಲೆ ಧ್ವನಿ ರೆಕಾರ್ಡ್ ಮಾಡಿ, ಧ್ವನಿಯ ಉದ್ದಕ್ಕೆ ತಕ್ಕ ಹಾಗೆ ಫೋಟೋ ಎಣಿಸಿ, ಗೊಂಬೆ ಕತ್ತರಿಸಿ. ಫೋಟೋ ಮೊದಲು, ಧ್ವನಿ ಆಮೇಲೆ ಅಂತ ಹೊರಟರೆ ಎರಡೂ ಕೂಡುವುದಿಲ್ಲ. ನಡುವೆ ಒಂದು ದಿನ ಬಿಡುವಾದರೆ ಮಕ್ಕಳನ್ನು ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಬನ್ನಿ, ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲೇ ಇದೆ.

ಅಜ್ಜಿಯ ಧ್ವನಿಗೆ ಮಾತ್ರ ಮಕ್ಕಳಿಂದ ನಟನೆ ಮಾಡಿಸಬೇಡಿ. ಊರಿನ ಒಬ್ಬ ಅಜ್ಜಿಯನ್ನೇ ಕರೆಯಿರಿ. ಬರೆದ ಕಾಗದ ಕೊಟ್ಟು ಓದಿಸಬೇಡಿ, ಎದುರಿಗೆ ನಾಲ್ಕು ಮಕ್ಕಳನ್ನು ಹೂಂಗುಟ್ಟಲು ಕೂರಿಸಿ, ಮೊಬೈಲನ್ನು ಪಕ್ಕದಲ್ಲಿಟ್ಟು ಹೇಳಲು ಬಿಡಿ. ಅರ್ಧ ತಾಸು ಹೇಳಿದರೂ ಹೇಳಲಿ. ನಿಮಗೆ ಬೇಕಾದ ಮೂರು ನಿಮಿಷವನ್ನು ಆಮೇಲೆ ಆರಿಸಿಕೊಳ್ಳಬಹುದು.